ಮಾವನ ಲ್ಯಾಪ್‌ಟಾಪ್ ಮಾತಾಡಿದ್ದು: ಐದು ವಾರ, 4,800 ರೂಪಾಯಿ

ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ. ಆದರೆ ಈಗಲೇ ಬರೆದಿಡದಿದ್ದರೆ ಯಾವ ಕೀ ಯಾವುದಕ್ಕೆ ಅಂತ ನನಗೇ ಮರೆತುಹೋಗುತ್ತದೆ.

ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ಹದಿನೆಂಟು ವರ್ಷ ಆಯಿತು. ಮಾವನ ಮನೆ ಸಿದ್ದಾಪುರ ರಸ್ತೆಯಿಂದ ಒಳಗೆ ಆರು ಕಿಲೋಮೀಟರ್. ಮೂರೆಕರೆ ಅಡಿಕೆ ತೋಟ, ಜೊತೆಗೆ ಊರ ದೇವಸ್ಥಾನದ ಕಮಿಟಿ ಲೆಕ್ಕ, ಠರಾವು ಎಲ್ಲಾ ಅವನ ತಲೆ ಮೇಲೆ. ಗ್ಲಾಕೋಮಾದಿಂದ ಮೊದಲು ಬದಿಯ ನೋಟ ಹೋಯಿತು, ಎದುರಿನದು ನಿಧಾನ ಕರಗಿತು, ಹೋದ ವರ್ಷದಿಂದ ಬೆಳಕು ಕತ್ತಲೆ ಬಿಟ್ಟರೆ ಏನೂ ಇಲ್ಲ. ಅಲ್ಲಿವರೆಗೆ ಎಕ್ಸೆಲ್ಲು, ವರ್ಡು ಎರಡನ್ನೂ ತಾನೇ ತೆರೆದು ನೋಡುತ್ತಿದ್ದವನು. "ಲೆಕ್ಕ ಬೇರೆಯವರ ಬಾಯಲ್ಲಿ ಕೇಳಕ್ಕೆ ಮನಸಿಲ್ಲೆ ಮಾಣಿ" ಅಂದ. ಅಲ್ಲಿಂದ ಶುರು.

ಬೇಕಾದದ್ದು ಇಷ್ಟು. ಅಡಿಕೆ ಲೆಕ್ಕದ ಶೀಟು, ಕಮಿಟಿಯ ಕನ್ನಡ ಠರಾವು, ಇವೆರಡನ್ನೂ ಮಾವ ತಾನೇ ತೆರೆದು ಓದಿಸಿಕೊಂಡು ತಿದ್ದಬೇಕು. ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್. ಕಣ್ಣಿನ ತಪಾಸಣೆಗೆ ಹೋದಾಗ ಉಳಿಯುವುದು ಕಾರವಾರದ ಮಗಳ ಮನೆಯಲ್ಲಿ, ಅಲ್ಲಿರುವುದು ಉಬುಂಟು, ವಿಂಡೋಸ್ ಬದಲಿಗೆ ಹಾಕುವ ಉಚಿತ ವ್ಯವಸ್ಥೆ. ಬೆಂಗಳೂರಿನಿಂದ ಭಾವ ಬಂದರೆ ಅವನ ಕೈಲಿ ಮ್ಯಾಕ್. ಒಂದೇ ಫೈಲು ಮೂರೂ ಕಡೆ ಓದಬೇಕು.

ಜೂನ್ 1, ಭಾನುವಾರ: ಡಬ್ಬಿ ಬಿಚ್ಚಿದ್ದು

ಲ್ಯಾಪ್‌ಟಾಪ್ 2019ರದು. 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಆಫೀಸ್ 2019 ಅದರ ಜೊತೆಗೇ ಕೊಂಡದ್ದು, ಲೈಸೆನ್ಸ್ ಇದೆ. ಕಣ್ಣಿದ್ದವರಿಗೆ ನಿಧಾನದ ಕಂಪ್ಯೂಟರ್ ಬೇಸರ ತರಿಸುತ್ತದೆ ಅಷ್ಟೇ, ಕಿವಿಯಲ್ಲಿ ಕೆಲಸ ಮಾಡುವವರಿಗೆ ಅದು ಉಪಯೋಗಕ್ಕೇ ಬರುವುದಿಲ್ಲ. ಕೀ ಒತ್ತಿ ಎರಡು ಸೆಕೆಂಡ್ ಆದಮೇಲೆ ದನಿ ಬಂದರೆ, ಅಷ್ಟರಲ್ಲಿ ಅವರು ಇನ್ನೊಂದು ಕೀ ಒತ್ತಿ ಆಗಿರುತ್ತದೆ. ಹಾಗಾಗಿ 256 ಜಿಬಿ ಎಸ್‌ಎಸ್‌ಡಿ, ಇನ್ನೊಂದು ಸ್ಟಿಕ್ ಸೇರಿಸಿ 8 ಜಿಬಿ ರ‍್ಯಾಮ್. ಹತ್ತು ಸ್ಕ್ರೂ ಬಿಚ್ಚಿದೆ, ಒಂಬತ್ತು ವಾಪಸ್ ಹಾಕಿದೆ. ಹತ್ತನೆಯದು ಅತ್ತೆ ಜಗಲಿ ಗುಡಿಸುವಾಗ ಮಂಗಳವಾರ ಸಿಕ್ಕಿತಂತೆ.

ಪರದೆ ಮೇಲೆ ಇರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಅನ್ನುತ್ತಾರೆ, ಅದಕ್ಕೆ ಇನ್ಸರ್ಟ್ ಕೀ ಜೀವಾಳ. ಈ ಲ್ಯಾಪ್‌ಟಾಪ್‌ನಲ್ಲಿ ಇನ್ಸರ್ಟ್ ಬೇಕೆಂದರೆ ಎಫ್‌ಎನ್ ಕೂಡ ಹಿಡಿಯಬೇಕು, ಅದು ಆಗದ ಮಾತು. ಬದಿಯಲ್ಲಿ ನಂಬರ್ ಪ್ಯಾಡ್ ಇರುವ ಯುಎಸ್‌ಬಿ ಕೀಬೋರ್ಡ್ ತಂದೆ.

ಇಲ್ಲಿ ಮೊದಲ ತಪ್ಪು. ಗುರುತು ಸಿಗಲಿ ಅಂತ ಎಂ-ಸೀಲ್ ಕಲಸಿ ಎಂಟು ಕೀಗಳ ಮೇಲೆ ಸಾಸಿವೆ ಕಾಳಿನಷ್ಟು ಉಂಡೆ ಕೂರಿಸಿದೆ. ಒಣಗಿದ ಮೇಲೆ ಮಾವ ಕೈಯಾಡಿಸಿ, ಎಲ್ಲಾ ಕಡೆಗೂ ಗುಳ್ಳೆ ಇದ್ದರೆ ಯಾವುದಕ್ಕೂ ಗುರುತಿಲ್ಲ ಅಂದ. ಹೌದಲ್ವಾ. ಎಫ್, ಜೆ, ನಂಬರ್ ಪ್ಯಾಡಿನ 5, ಈ ಮೂರರ ಮೇಲೆ ಕಂಪನಿಯವರೇ ಗೆರೆ ಕೊಟ್ಟಿರುತ್ತಾರೆ, ನನಗೆ ಹೊಳೆದಿರಲಿಲ್ಲ. ಇನ್ಸರ್ಟ್, ಎಸ್ಕೇಪ್ ಎರಡನ್ನು ಬಿಟ್ಟು ಉಳಿದದ್ದನ್ನು ಬ್ಲೇಡಿನಲ್ಲಿ ಹೆರೆದೆ. ಎಂ-ಸೀಲ್ ಜೊತೆ ಅಕ್ಷರದ ಬಣ್ಣವೂ ಎದ್ದು ಬಂತು. ಮಾವನಿಗೆ ಅದರಿಂದ ಏನೂ ನಷ್ಟ ಇಲ್ಲ, ಈಗ ಆ ಕೀಬೋರ್ಡ್‌ನಲ್ಲಿ ತಡಕಾಡುವವನು ನಾನು.

ಜೂನ್ 8: ದನಿ ಕೂರಿಸಿದ್ದು

ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಹಾಕಿದೆ. ಪುಕ್ಕಟೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೆಹ್ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಮಾವನಿಗೆ ಇದನ್ನು ಹೇಳಿದ್ದು ಒಳ್ಳೆಯದಾಯಿತು, ಇದು ತನ್ನಂಥವರೇ ಮಾಡಿದ್ದು ಅಂತ ಸ್ವಲ್ಪ ಸಲಿಗೆ ಬಂತು.

ಇನ್ಸರ್ಟ್, ಕಂಟ್ರೋಲ್, ಎಸ್ ಒತ್ತಿದರೆ ದನಿ ಯಂತ್ರ ಬದಲಿಸುವ ಪಟ್ಟಿ ಬರುತ್ತದೆ. ಇಸ್ಪೀಕ್ ಎನ್‌ಜಿ ಆರಿಸಿದೆ. ಎನ್‌ವಿಡಿಎ ಜೊತೆಗೇ ಬರುತ್ತದೆ, ಅದರಲ್ಲಿ ಕನ್ನಡ ಇದೆ. ಆಮೇಲೆ ಇನ್ಸರ್ಟ್, ಕಂಟ್ರೋಲ್, ವಿ ಒತ್ತಿ ದನಿ ಕನ್ನಡ ಮಾಡಿದೆ, ವೇಗ 45 ಇಟ್ಟೆ.

ಮಾವ ಎರಡು ನಿಮಿಷ ಕೇಳಿದ. "ಇದು ಎಂತ ಹೇಳ್ತಾ ಇದ್ದು ಮಾಣಿ? ಬಾವಿಯೊಳಗೆ ಡಬ್ಬಿ ಬಿದ್ದ ಹಾಂಗೆ ಕೇಳ್ತು."

ಸುಳ್ಳಲ್ಲ. ಇಸ್ಪೀಕ್ ದನಿ ತಗಡಿನದು. ವೇಗ 25ಕ್ಕೆ ಇಳಿಸಿದೆ. ಸ್ಪೀಕರ್ ಬಿಟ್ಟು ವೈರ್ ಇರುವ ಇಯರ್‌ಫೋನ್ ಕೊಟ್ಟ ಮೇಲೆ ಅಕ್ಷರ ಬಿಡಿಬಿಡಿಯಾಗಿ ಕೇಳಿತು. ಮಳೆಗಾಲದಲ್ಲಿ ಹಂಚಿನ ಮನೆಯಲ್ಲಿ ಲ್ಯಾಪ್‌ಟಾಪ್ ಸ್ಪೀಕರ್ ನಂಬಿದ್ದು ನನ್ನ ದಡ್ಡತನ. ಒಂದು ವಾರಕ್ಕೆ ಕಿವಿ ಪಳಗಿತು. ಈಗ ಮಾವ ಇಟ್ಟುಕೊಂಡಿರುವ ವೇಗ 60. ಅದರಲ್ಲಿ ನನಗೆ ಒಂದು ಪದವೂ ಹಿಡಿಯುವುದಿಲ್ಲ.

ಮೊದಲ ದಿನ ಕಲಿಸಿದ ಕೀಗಳು ಆರೇ. ಕಂಟ್ರೋಲ್ ಒತ್ತಿದರೆ ಬಾಯಿ ಮುಚ್ಚುತ್ತದೆ. ಇನ್ಸರ್ಟ್ ಜೊತೆ ಟಿ ಒತ್ತಿದರೆ ಯಾವ ಫೈಲಿನಲ್ಲಿ ಇದ್ದೇವೆ ಅಂತ ಹೇಳುತ್ತದೆ. ಇನ್ಸರ್ಟ್ ಜೊತೆ ಕೆಳಬಾಣ ಒತ್ತಿದರೆ ಇದ್ದಲ್ಲಿಂದ ಕೊನೆತನಕ ಓದುತ್ತದೆ. ಇನ್ಸರ್ಟ್ ಜೊತೆ 1 ಒತ್ತಿದರೆ ಕಲಿಕೆಯ ಸ್ಥಿತಿ, ಯಾವ ಕೀ ಒತ್ತಿದರೂ ಅದರ ಹೆಸರು ಮಾತ್ರ ಹೇಳುತ್ತದೆ, ಏನೂ ಕೆಡುವುದಿಲ್ಲ. ಇನ್ಸರ್ಟ್ ಜೊತೆ ಎಫ್12 ಒತ್ತಿದರೆ ಗಂಟೆ ಎಷ್ಟು ಅಂತ. ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಎನ್‌ವಿಡಿಎ ಮತ್ತೆ ಶುರು.

ಇವನ್ನು ನೆನಪಿಡಲಿ ಅಂತ ನಾನು ಏನು ಮಾಡಿದೆ ಗೊತ್ತಾ? ದಪ್ಪ ಅಕ್ಷರದಲ್ಲಿ ಪ್ರಿಂಟ್ ಹೊಡೆದು, ಲ್ಯಾಮಿನೇಟ್ ಮಾಡಿಸಿ ತಂದುಕೊಟ್ಟೆ. ಮಾವ ಅದನ್ನು ತಿರುಗಿಸಿ ಮುರುಗಿಸಿ ಸವರಿದ. "ಚೊಲೊ ಇದ್ದು. ನುಣ್ಣಗಿದ್ದು." ನನಗೆ ಹೊಳೆಯುವುದಕ್ಕೆ ಒಂದು ಕ್ಷಣ ಬೇಕಾಯಿತು. ಅಡುಗೆಮನೆಯಲ್ಲಿ ಅತ್ತೆ ನಗುತ್ತಿದ್ದಳು. ಆಮೇಲೆ ಅದನ್ನೇ ವಾಟ್ಸಾಪ್‌ನಲ್ಲಿ ದನಿ ಸಂದೇಶ ಮಾಡಿ ಕಳಿಸಿದೆ, ಒಂದೊಂದು ಕೀಗೆ ಒಂದೊಂದು.

ಇನ್ನೊಂದು ವಿಷಯ. ನಾನು ಪರದೆ ನೋಡುತ್ತಾ ಕಲಿಸುತ್ತಿದ್ದೆ. "ಆ ನೀಲಿ ಬಟನ್ ಇದೆಯಲ್ಲ" ಅಂದುಬಿಡುತ್ತಿದ್ದೆ. ಎನ್‌ವಿಡಿಎಯಲ್ಲಿ ಸ್ಕ್ರೀನ್ ಕರ್ಟನ್ ಅಂತ ಒಂದು ಸೆಟ್ಟಿಂಗ್ ಇದೆ, ಪರದೆಯನ್ನು ಪೂರ್ತಿ ಕಪ್ಪು ಮಾಡುತ್ತದೆ. ಅದನ್ನು ಹಾಕಿ ನಾನೇ ಒಂದು ಪತ್ರ ಬರೆದು ಸೇವ್ ಮಾಡಲು ಕೂತೆ. ನಲವತ್ತು ನಿಮಿಷ. ಸೇವ್ ಆದ ಜಾಗ ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ.

ಜೂನ್ 15: ಕಣ್ಣಿಗೆ ಕನ್ನಡ, ಕಿವಿಗೆ ಕಸ

ಈ ದಿನದ್ದೇ ಮುಖ್ಯ ಕಥೆ.

ಕಮಿಟಿಯ ಹಳೇ ಠರಾವಿನ ಫೈಲ್ ವರ್ಡ್‌ನಲ್ಲಿ ತೆರೆದೆವು. ಪರದೆ ಮೇಲೆ ಚೆಂದದ ಕನ್ನಡ. ಇನ್ಸರ್ಟ್, ಕೆಳಬಾಣ. ಎನ್‌ವಿಡಿಎ ಏನೇನೋ ಬಡಬಡಿಸಿತು. ಇಂಗ್ಲಿಷ್ ಅಕ್ಷರ, ನಡುವೆ ಪೌಂಡ್, ನಡುವೆ ಮೌನ. ದನಿ ಯಂತ್ರ ಕೆಟ್ಟಿತು ಅಂದುಕೊಂಡೆ. ದನಿ ಬದಲಿಸಿದೆ. ಎನ್‌ವಿಡಿಎ ತೆಗೆದು ಮತ್ತೆ ಹಾಕಿದೆ. ವಿಂಡೋಸ್‌ಗೆ ಕನ್ನಡ ಭಾಷೆಯ ಪ್ಯಾಕ್ ಇಳಿಸಿದೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ, ಎರಡು ಸಲ ಕರೆಂಟು ಹೋಗಿ ಬಂದು. ಮೂರು ಗಂಟೆ ಸುಮ್ನೆ ಹಾಳು.

ಆಮೇಲೆ ಟೂಲ್ಸ್ ಮೆನುವಿನ ಸ್ಪೀಚ್ ವ್ಯೂವರ್ ತೆರೆದೆ. ಎನ್‌ವಿಡಿಎ ಆಡುವ ಮಾತನ್ನೆಲ್ಲ ಅದು ಒಂದು ಕಿಟಕಿಯಲ್ಲಿ ಬರೆದು ತೋರಿಸುತ್ತದೆ. ಅದರಲ್ಲಿ ಕನ್ನಡವೇ ಇರಲಿಲ್ಲ. "ಕನ್ನಡ" ಅನ್ನುವ ಪದ ಇದ್ದ ಜಾಗದಲ್ಲಿ ಇದ್ದದ್ದು ಇದು: ದೊಡ್ಡ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಚಿಹ್ನೆ, ಮತ್ತೆ ಗೆರೆಯ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಗೆರೆಯ ಎ.

ಡಿಟಿಪಿಯವರಿಗೆ ಇಷ್ಟು ಹೇಳಿದರೆ ಸಾಕು. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟು. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳು, ಫಾಂಟು ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ನೋಡುವವರಿಗೆ, ಪ್ರಿಂಟ್ ಹೊಡೆಯುವವರಿಗೆ ಏನೂ ವ್ಯತ್ಯಾಸ ಇಲ್ಲ. ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ, ಒಳಗಿರುವ ಅಕ್ಷರವನ್ನೇ ಓದುತ್ತದೆ. ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಮಾತ್ರ ಕನ್ನಡ ಕನ್ನಡವಾಗಿ ಬಾಯಿಗೆ ಬರುತ್ತದೆ.

ಆ ಫೈಲುಗಳನ್ನು ಟೈಪ್ ಮಾಡಿಕೊಟ್ಟವನು ಯಾರು? ನಾನೇ. ಯುನಿಕೋಡ್ ಬಂದು ಎಷ್ಟೋ ವರ್ಷ ಆದಮೇಲೂ ಪ್ರೆಸ್ಸಿಗೆ ಇದೇ ಬೇಕು, ರೂಢಿ ಇದೇ ಅಂತ ಆಸ್ಕಿಯಲ್ಲೇ ಕುಟ್ಟುತ್ತಾ ಬಂದೆ. ಮಾವನ ಫೋಲ್ಡರಿನಲ್ಲಿ ಅಂಥವು 212 ಇದ್ದವು. ಮೂರು ಗಂಟೆ ಬೈಯ್ದದ್ದು ಆ ಬಡಪಾಯಿ ಎನ್‌ವಿಡಿಎಯನ್ನು.

ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಇವೆ. ಪಠ್ಯ ಅಂಟಿಸಿ ಬಟನ್ ಒತ್ತಿದರೆ ಆಯಿತು ಅಂದುಕೊಂಡು ಮೊದಲ ಐದು ಫೈಲು ಓದದೇ ಸೇವ್ ಮಾಡಿದೆ. ತಪ್ಪು. ನಡುವೆ ಇದ್ದ ನಿಜವಾದ ಇಂಗ್ಲಿಷೂ ಕನ್ನಡವಾಗಿಬಿಟ್ಟಿತ್ತು. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಇದ್ದಲ್ಲಿ ಅರ್ಥವಿಲ್ಲದ ನಾಲ್ಕು ಒತ್ತಕ್ಷರ. ಅಂಕಿಗಳು ಕನ್ನಡ ಅಂಕಿಗಳಾಗಿದ್ದವು, ಅದನ್ನು ಹತ್ತು ಸಲ ಹುಡುಕಿ ಬದಲಿಸಿ ವಾಪಸ್ ತಂದೆ. ಅರ್ಕಾವತ್ತು ಕೆಲವು ಕಡೆ ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತ್ತು. ಆಸ್ಕಿಯಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತೇವೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು, ಈ ಜಾಗ ಬದಲಾಯಿಸುವಲ್ಲಿ ಎಡವಟ್ಟು.

ಈಗ ಮಾಡುವ ಕ್ರಮ: ಮೊದಲು ಇಂಗ್ಲಿಷ್ ಇರುವ ಸಾಲುಗಳನ್ನು ಬೇರೆ ಎತ್ತಿಡುವುದು, ಉಳಿದದ್ದನ್ನು ಬದಲಿಸುವುದು, ನೋಟ್‌ಪ್ಯಾಡ್‌ಗೆ ಹಾಕಿ ಹಳೇ ಫಾಂಟಿನ ಗುರುತು ತೊಳೆಯುವುದು, ಆಮೇಲೆ ವರ್ಡ್‌ಗೆ ತರುವುದು. ಎ4 ಒಂದು ಪುಟಕ್ಕೆ ಹನ್ನೆರಡು ನಿಮಿಷ. ಕೊನೆಗೆ ಎನ್‌ವಿಡಿಎಯಿಂದ ಓದಿಸುವುದು. ಕಣ್ಣಿಗೆ ಕಾಣದ ಎಷ್ಟು ತಪ್ಪು ಕಿವಿಗೆ ಸಿಕ್ಕವು ಅಂದರೆ, ಈಗ ಅಂಗಡಿಯಲ್ಲಿ ಲಗ್ನಪತ್ರಿಕೆಗೂ ಪ್ರೂಫ್ ಹೀಗೇ ನೋಡುತ್ತೇನೆ.

ಇದರ ಜೊತೆ ನನ್ನ ಇನ್ನೂ ಕೆಲವು ಚಾಳಿ ಹೊರಬಿದ್ದವು. ಠರಾವಿನ ನಂಬರು, ವಿಷಯ ಎಲ್ಲಾ ದಪ್ಪ ಅಕ್ಷರ ಮಾಡಿ ಸೈಜ್ 16 ಕೊಟ್ಟಿದ್ದೆ. ಕೇಳುವವರಿಗೆ ದಪ್ಪ ಸಣ್ಣ ಯಾವುದೂ ಇಲ್ಲ. ಅವನ್ನು ಹೆಡಿಂಗ್ 1, ಹೆಡಿಂಗ್ 2 ಸ್ಟೈಲ್ ಮಾಡಿದೆ. ಈಗ ವರ್ಡ್‌ನಲ್ಲಿ ಇನ್ಸರ್ಟ್ ಜೊತೆ ಸ್ಪೇಸ್ ಒತ್ತಿ ಬ್ರೌಸ್ ಮೋಡಿಗೆ ಹೋಗಿ ಎಚ್ ಒತ್ತುತ್ತಾ ಹೋದರೆ ಠರಾವಿನಿಂದ ಠರಾವಿಗೆ ಹಾರಬಹುದು. ಸಹಿಯ ಜಾಗ ಬಲಕ್ಕೆ ತರಲು ನಲವತ್ತು ಸ್ಪೇಸ್ ಹೊಡೆದಿದ್ದೆ, ತೆಗೆದು ಬಲಕ್ಕೆ ಅಲೈನ್ ಮಾಡಿದೆ. ದೇವಸ್ಥಾನದ ಹೆಸರು ಟೆಕ್ಸ್ಟ್ ಬಾಕ್ಸಿನಲ್ಲಿತ್ತು, ಓದುವಾಗ ಅದು ಸಿಗುತ್ತಲೇ ಇರಲಿಲ್ಲ, ಸಾದಾ ಸಾಲಾಗಿ ಇಳಿಸಿದೆ. ದೇವರ ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್, ಅಂದರೆ ಓದಿ ಹೇಳಲು ವಿವರ, ಬರೆದೆ. ರಿವ್ಯೂ ಟ್ಯಾಬಿನಲ್ಲಿ ಚೆಕ್ ಆಕ್ಸೆಸಿಬಿಲಿಟಿ ಅಂತ ಒಂದು ಬಟನ್ ಇದೆ, ಇಷ್ಟು ವರ್ಷ ಅದರ ಮೇಲೆ ಬೆರಳೇ ಇಟ್ಟಿರಲಿಲ್ಲ. ಅದು ಚಿತ್ರಕ್ಕೆ ವಿವರ ಇಲ್ಲದ್ದನ್ನು, ಟೇಬಲ್‌ಗೆ ಹೆಡರ್ ಇಲ್ಲದ್ದನ್ನು ಹಿಡಿದುಕೊಡುತ್ತದೆ. ಆಸ್ಕಿ ಕನ್ನಡವನ್ನು ಹಿಡಿಯುವುದಿಲ್ಲ, ಅದರ ಪಾಲಿಗೆ ಅದೂ ಅಕ್ಷರವೇ.

ಜೂನ್ 22: ಅಡಿಕೆ ಶೀಟು

ಶೀಟು ನೋಡಲು ಬಲು ಚೆಂದ ಇತ್ತು. ಮೇಲೆ ಏಳು ಸೆಲ್ ಒಂದು ಮಾಡಿ ದೊಡ್ಡ ತಲೆಬರಹ. ಕೆಳಗೆ ದಿನಾಂಕ, ವಖಾರಿ, ಮಾಲು, ಚೀಲ, ಕಿಲೋ, ದರ, ಮೊತ್ತ. ತಿಂಗಳಿಗೊಂದು ಖಾಲಿ ಸಾಲು. ದುಡ್ಡು ಬರಬೇಕಾದ ಸಾಲಿಗೆ ಕೆಂಪು ಬಣ್ಣ.

ಮಾವ ಬಾಣದ ಕೀಯಲ್ಲಿ ಬಲಕ್ಕೆ ಹೋದ. (ಚಾಲಿ ಅಂದರೆ ಒಣಗಿಸಿದ ಅಡಿಕೆಯ ಒಂದು ಬಗೆ.) "ಚಾಲಿ, ಸಿ 14." "6, ಡಿ 14." "388, ಇ 14." ನಿಂತ. "388 ಎಂತದು? ಕಿಲೋನೋ, ರೂಪಾಯಿಯೋ?" ಮೇಲಕ್ಕೆ ಬಾಣ ಒತ್ತುತ್ತಾ ಹೋಗಿ "ಕಿಲೋ" ಅಂತ ಕೇಳುವಷ್ಟರಲ್ಲಿ ಎಷ್ಟನೇ ಸಾಲಿನಿಂದ ಬಂದೆ ಅನ್ನುವುದು ಮರೆತಿರುತ್ತಿತ್ತು. ನಾನು ಫ್ರೀಝ್ ಪೇನ್ಸ್ ಹಾಕಿ, ಈಗ ತಲೆಸಾಲು ಅಲ್ಲೇ ನಿಲ್ಲುತ್ತದೆ ಅಂದೆ. ನಿಲ್ಲುವುದು ಕಣ್ಣಿನ ಮುಂದೆ. ಎನ್‌ವಿಡಿಎಗೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಬೇಕಿದ್ದದ್ದು ಬೇರೆ. ತಲೆಸಾಲಿನ ಮೊದಲ ಸೆಲ್‌ನಲ್ಲಿ ನಿಂತು ಇನ್ಸರ್ಟ್, ಶಿಫ್ಟ್, ಸಿ ಒಂದು ಸಲ ಒತ್ತಬೇಕು. ಇದು ಕಾಲಂ ಹೆಸರು ಅಂತ ಗುರುತು ಬೀಳುತ್ತದೆ. ಆಮೇಲೆ ಕಾಲಂ ದಾಟಿದಾಗೆಲ್ಲ "ಕಿಲೋ, 388, ಇ 14", "ದರ, 41,299, ಎಫ್ 14" ಅಂತ ಹೆಸರು ಹಿಡಿದೇ ಕರೆಯುತ್ತದೆ. ಗುರುತು ಫೈಲಿನೊಳಗೇ ಉಳಿಯುತ್ತದೆ, ಜಾಸ್‌ನಂಥ ಬೇರೆ ಸ್ಕ್ರೀನ್ ರೀಡರ್ ಇದ್ದವರಿಗೂ ಸಿಗುತ್ತದೆ. ಎರಡು ಸಲ ಒತ್ತಿದರೆ ಅಳಿಸಿಹೋಗುತ್ತದೆ. ನಾನು ಗಾಬರಿಯಲ್ಲಿ ಎರಡು ಸಲ ಒತ್ತಿ ಅರ್ಧ ಗಂಟೆ ಇದು ಕೆಲಸ ಮಾಡುವುದಿಲ್ಲ ಅಂತ ಕೂತಿದ್ದೆ.

ಖಾಲಿ ಸಾಲೆಲ್ಲ ತೆಗೆದೆ. ಒಂದು ಮಾಡಿದ್ದ ಸೆಲ್‌ಗಳನ್ನು ಬಿಡಿಸಿದೆ. ಕೆಂಪು ಬಣ್ಣದ ಬದಲು "ಬಾಕಿ" ಅಂತ ಒಂದು ಕಾಲಂ ಸೇರಿಸಿ ಹೌದು, ಇಲ್ಲ ಬರೆದೆ. ಎನ್‌ವಿಡಿಎಗೆ ಬಣ್ಣ ಹೇಳು ಅಂತಲೂ ಹೇಳಬಹುದು, ಆದರೆ ಪ್ರತಿ ಸೆಲ್‌ಗೂ ಬಣ್ಣದ ಹೆಸರು ಕೇಳುತ್ತಾ ಕೂರಲು ಯಾರಿಗೆ ತಾಳ್ಮೆ ಇದೆ?

ಮೊತ್ತದ ಕಾಲಂನಲ್ಲಿ ನನ್ನ ಇನ್ನೊಂದು ಡಿಟಿಪಿ ಬುದ್ಧಿ. ಎಲ್ಲಾ ಅಂಕಿಯ ಕೊನೆಗೆ ಒಂದು ಓರೆಗೆರೆ, ಒಂದು ಅಡ್ಡಗೆರೆ ಹಾಕಿದ್ದೆ, ಚೆಕ್ಕಿನ ಮೇಲೆ ಬರೆಯುವ ಹಾಗೆ. ಹಾಗೆ ಬರೆದರೆ ಎಕ್ಸೆಲ್ ಅದನ್ನು ಅಂಕಿ ಅಂತಲೇ ಎಣಿಸುವುದಿಲ್ಲ, ಬರಹ ಅನ್ನುತ್ತದೆ. ಸಮ್ ಹಾಕಿದರೆ ಸೊನ್ನೆ. ಹಾಗಾದರೆ ಇಷ್ಟು ವರ್ಷ ಕೆಳಗಿದ್ದ ಒಟ್ಟು ಮೊತ್ತ? ಕ್ಯಾಲ್ಕುಲೇಟರ್‌ನಲ್ಲಿ ಕೂಡಿಸಿ ಟೈಪ್ ಮಾಡಿದ್ದು. ಎಲ್ಲ ಗೆರೆ ತೆಗೆದು ಸೂತ್ರ ಹಾಕಿದ ಮೇಲೆ 2023ರ ಒಂದು ತಿಂಗಳಲ್ಲಿ 2,700 ವ್ಯತ್ಯಾಸ ಬಂತು. 17,400 ಇದ್ದದ್ದನ್ನು 14,700 ಅಂತ ಒತ್ತಿದ್ದೆ. ಮಾವನಿಗೆ ಹೇಳಿದೆ. "ಆ ವರ್ಷ ಎಂಗೆ ಅನ್ಸಿತ್ತು" ಅಂದ, ಅಷ್ಟೇ.

ಸಂಜೆ ಒಂದು ಸಣ್ಣ ಗಾಬರಿ. ಮಾವ ಖಾಲಿ ಕಾಲಂನಲ್ಲಿ ಕಂಟ್ರೋಲ್ ಜೊತೆ ಕೆಳಬಾಣ ಒತ್ತಿದ. ಎಕ್ಸೆಲ್ ನೇರ ಕೊನೆಯ ಸಾಲಿಗೆ ಹೋಯಿತು, 10,48,576ನೆಯದು. ಅಲ್ಲಿಂದ ಒಂದೊಂದೇ ಮೇಲಿನ ಬಾಣ ಒತ್ತುತ್ತಾ ಕೂತಿದ್ದನಂತೆ, ನಾನು ಚಾ ಕುಡಿದು ಬರುವವರೆಗೆ. ಕಂಟ್ರೋಲ್ ಹೋಮ್ ಅವತ್ತೇ ಹೇಳಿಕೊಟ್ಟೆ, ಮೊದಲ ಪಾಠದಲ್ಲೇ ಹೇಳಬೇಕಿತ್ತು.

ಜೂನ್ 28, 29: ಕಾರವಾರ, ಉಬುಂಟು

ಶನಿವಾರ ಬೆಳಿಗ್ಗೆ ಬಸ್ಸಿಗೆ ಯಲ್ಲಾಪುರ ಮೇಲಿಂದ ಅರಬೈಲ್ ಘಟ್ಟ ಇಳಿದು, ಅಂಕೋಲಾ ದಾಟಿ ಕಾರವಾರ. ಘಟ್ಟದಲ್ಲಿ ಮಂಜು, ಕೆಳಗೆ ಬೆವರು. ಪೆನ್ ಡ್ರೈವ್‌ನಲ್ಲಿ ಫೈಲುಗಳ ಜೊತೆ ಎನ್‌ವಿಡಿಎಯ ಪೋರ್ಟಬಲ್ ಪ್ರತಿಯೂ ಇತ್ತು. ಯಾವ ವಿಂಡೋಸ್ ಕಂಪ್ಯೂಟರ್‌ಗೆ ಚುಚ್ಚಿದರೂ ಏನೂ ಇನ್‌ಸ್ಟಾಲ್ ಮಾಡದೆ ಮಾವನ ಸೆಟ್ಟಿಂಗ್ ಸಮೇತ ಮಾತಾಡುತ್ತದೆ. ಉಬುಂಟುಗೆ ಇದು ಆಗುವುದಿಲ್ಲ, ಅಲ್ಲಿ ಆರ್ಕಾ ಅಂತ ಬೇರೆಯೇ ಇದೆ, ಮೊದಲೇ ಕೂತಿರುತ್ತದೆ. ವಿಂಡೋಸ್ ಗುರುತಿನ ಕೀ, ಆಲ್ಟ್, ಎಸ್ ಒಟ್ಟಿಗೆ ಒತ್ತಿದರೆ ಎದ್ದು ಕೂರುತ್ತದೆ.

ಎದ್ದಿತು. ಡೆಸ್ಕ್‌ಟಾಪ್ ಓದಿತು, ಫೈಲುಗಳ ಪಟ್ಟಿ ಓದಿತು, ಬ್ರೌಸರ್ ಓದಿತು. ಆರ್ಕಾ ಪ್ರಿಫರೆನ್ಸ್‌ನಲ್ಲಿ ದನಿ ಇಸ್ಪೀಕ್, ಭಾಷೆ ಕನ್ನಡ ಮಾಡಿದೆ, ಅದೇ ಡಬ್ಬಿಯ ದನಿ, ಮಾವನಿಗೆ ಗುರುತು ಸಿಕ್ಕಿತು. ಅಲ್ಲಿ ಎಕ್ಸೆಲ್ ಬದಲಿಗೆ ಇರುವ ಲಿಬ್ರೆಆಫೀಸ್ ಕ್ಯಾಲ್ಕ್ ತೆರೆದೆವು. ಮೌನ. ಬಾಣ ಒತ್ತಿದರೂ ಮೌನ, ಮೆನು ತೆರೆದರೂ ಮೌನ.

ಶನಿವಾರ ಇಡೀ ಸಂಜೆ ಆರ್ಕಾದ ಸೆಟ್ಟಿಂಗ್ ಕೆದಕಿದೆ. ಮರುದಿನ ಬೆಳಿಗ್ಗೆ ಚಾ ಹಿಡಿದು ಪರದೆ ನೋಡುವಾಗ ಅನ್ನಿಸಿತು, ಈ ಲಿಬ್ರೆಆಫೀಸ್ ಯಾಕೆ ಇಷ್ಟು ಮುದಿಯಾಗಿ ಕಾಣುತ್ತದೆ, ಬೂದು ಬಟನ್ನು, ಒರಟು ಅಕ್ಷರ. ಹೆಲ್ಪ್ ಮೆನುವಿನ ಅಬೌಟ್ ತೆರೆದರೆ ವಿಸಿಎಲ್ (ಕಿಟಕಿ, ಬಟನ್ನು ಬಿಡಿಸುವ ಭಾಗ) ಅನ್ನುವ ಕಡೆ ಎಕ್ಸ್11 ಅಂತ ಇತ್ತು. ಅಲ್ಲಿ ಜಿಟಿಕೆ3 ಇರಬೇಕು. ಸಾದಾ ಎಕ್ಸ್11 ರೂಪದಲ್ಲಿ ಲಿಬ್ರೆಆಫೀಸ್ ಸ್ಕ್ರೀನ್ ರೀಡರ್ ಜೊತೆ ಮಾತೇ ಆಡುವುದಿಲ್ಲ.

ಯಾಕೆ ಹಾಗಿತ್ತು? ಹೋದ ವರ್ಷ ಈ ಡೆಸ್ಕ್‌ಟಾಪ್‌ಗೆ ಉಬುಂಟು ಹಾಕಿಕೊಟ್ಟವನೂ ನಾನೇ. ಡೇಟಾ ಉಳಿಸಲು ರೈಟರ್, ಕ್ಯಾಲ್ಕ್ ಎರಡನ್ನೇ, ಶಿಫಾರಸು ಮಾಡಿದ ಪ್ಯಾಕೇಜು ಯಾವುದೂ ಬೇಡ ಅಂತ ಹೇಳಿ ಇಳಿಸಿದ್ದೆ. ಲಿಬ್ರೆಆಫೀಸ್-ಜಿಟಿಕೆ3 ಅನ್ನುವ ಪ್ಯಾಕೇಜು ಹಾಕಿದೆ, ಐದು ನಿಮಿಷ. ಕ್ಯಾಲ್ಕ್ ಮುಚ್ಚಿ ತೆರೆದ ಕೂಡಲೆ "ಚಾಲಿ" ಅಂದಿತು. ಅಡುಗೆಮನೆಯಿಂದ ಮಾವನ ಮಗಳು, "ಅಪ್ಪಂಗೆ ಅಡಿಕೆ ದರ ಬಂತಾ?" ಅಂದಳು.

ಇದೇ ಹುಮ್ಮಸ್ಸಿನಲ್ಲಿ ಲಿಬ್ರೆಆಫೀಸ್‌ನ ಮುಖವನ್ನು ವರ್ಡ್‌ನ ಹಾಗೆ ಟ್ಯಾಬ್ ಇರುವ ರೂಪಕ್ಕೆ ಬದಲಿಸಿದೆ, ಮಾವನಿಗೆ ಎರಡೂ ಒಂದೇ ಥರ ಇರಲಿ ಅಂತ. ಫೋಕಸ್ ಎಲ್ಲಿ ಹೋಯಿತು ಅಂತಲೇ ತಿಳಿಯದಾಯಿತು. ವಾಪಸ್ ಹಳೇ ಮೆನು ರೂಪಕ್ಕೆ ತಂದೆ. ನಿಜ ಹೇಳಬೇಕೆಂದರೆ ಕಿವಿಗೆ ಹಳೇ ಮೆನುವೇ ಸುಲಭ. ಆಲ್ಟ್ ಎಫ್ ಒತ್ತಿ ಕೆಳಗೆ ಹೋಗುತ್ತಾ ಇರುವುದು, ಸಾಲಾಗಿ ಓದುತ್ತದೆ.

ಕೀಗಳ ಗಲಾಟೆ ಇದೆ. ಎಕ್ಸೆಲ್‌ನಲ್ಲಿ ಎಫ್5 ಒತ್ತಿದರೆ ಬೇಕಾದ ಸೆಲ್‌ಗೆ ಹೋಗಬಹುದು. ಕ್ಯಾಲ್ಕ್‌ನಲ್ಲಿ ಎಫ್5 ನ್ಯಾವಿಗೇಟರ್ ತೆರೆಯುತ್ತದೆ, ಸೆಲ್ ಹೆಸರು ಟೈಪ್ ಮಾಡಲು ಕಂಟ್ರೋಲ್, ಶಿಫ್ಟ್, ಟಿ. ಕಾಲಂ ಹೆಸರಿಗೆ ಆರ್ಕಾದ ದಾರಿಯೇ ಬೇರೆ, ತಲೆಸಾಲಿನಲ್ಲಿ ನಿಂತು ಇನ್ಸರ್ಟ್ ಜೊತೆ ಆರ್. ಇದು ಫೈಲಿನಲ್ಲಿ ಉಳಿಯಲಿಲ್ಲ, ಮುಚ್ಚಿ ತೆರೆದಾಗ ಮತ್ತೆ ಒತ್ತಬೇಕಾಯಿತು. ಟೈಪಿಂಗ್ ಮಾತ್ರ ಸಲೀಸು. ಉಬುಂಟುವಿನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಇದೆ, ನುಡಿಯಲ್ಲಿ ರೂಢಿಯಾದ ಅದೇ ವಿನ್ಯಾಸ, ಎಫ್ ಒತ್ತಿದರೆ ಅರ್ಧಾಕ್ಷರ. ಮಾವನ ಬೆರಳು ತಾನಾಗಿಯೇ ಓಡಿತು.

ಜುಲೈ 5: ಮ್ಯಾಕ್

ಭಾವ ಬಂದಿದ್ದ. ಕಮಾಂಡ್ ಎಫ್5 ಒತ್ತಿದರೆ ಮ್ಯಾಕ್‌ನ ಸ್ಕ್ರೀನ್ ರೀಡರ್ ವಾಯ್ಸ್‌ಓವರ್. 2005ರಿಂದಲೂ ಮ್ಯಾಕ್‌ನಲ್ಲೇ ಬರುತ್ತದೆ, ಬೇರೆ ಏನೂ ಹಾಕಬೇಕಿಲ್ಲ. ಸೌಮ್ಯ ಅನ್ನುವ ಕನ್ನಡ ದನಿ ಇಳಿಸಿಕೊಂಡೆವು. "ಇದು ಮನುಷ್ಯರ ಹಾಂಗೆ ಮಾತಾಡ್ತು!" ಮಾವನಿಗೆ ಖುಷಿಯೋ ಖುಷಿ.

ಆದರೆ ಕೈ ಒಗ್ಗಲಿಲ್ಲ. ಹೆಚ್ಚಿನದಕ್ಕೆಲ್ಲ ಕಂಟ್ರೋಲ್, ಆಪ್ಷನ್ ಎರಡನ್ನೂ ಹಿಡಿದಿರಬೇಕಿತ್ತು. ಒಂದು ಟೇಬಲ್‌ನ ಒಳಗೆ ಇಳಿಯಬೇಕೆಂದರೆ ಅವೆರಡರ ಜೊತೆ ಶಿಫ್ಟ್, ಕೆಳಬಾಣ, ಹೊರಗೆ ಬರಲು ಮೇಲುಬಾಣ. ಒಳಗಿದ್ದೇನೋ ಹೊರಗಿದ್ದೇನೋ ಅನ್ನುವುದೇ ಒಂದು ಲೆಕ್ಕ. ಒಂದೂವರೆ ಗಂಟೆಗೆ ಸಾಕಾಯಿತು. ಠರಾವು ಓದಿಸಿಕೊಂಡ, ಶೀಟಿನ ತಂಟೆ ಬೇಡ ಅಂದ. ಅದಕ್ಕೆ ಇನ್ನೂ ಒಂದೆರಡು ವಾರ ಕೂತರೆ ಆಗುತ್ತಿತ್ತೇನೋ, ಭಾವ ಸೋಮವಾರ ಹೊರಟ.

ಖರ್ಚು

ಎಸ್‌ಎಸ್‌ಡಿ 1,900. ರ‍್ಯಾಮ್ 1,600. ಕೀಬೋರ್ಡ್ 550. ಪೆನ್ ಡ್ರೈವ್ 380. ಇಯರ್‌ಫೋನ್ 350. ಎಂ-ಸೀಲ್ 20. ಒಟ್ಟು 4,800. ಬಸ್ ಚಾರ್ಜ್ ಹಿಡಿದಿಲ್ಲ. ಲ್ಯಾಮಿನೇಷನ್ ನಮ್ಮ ಅಂಗಡಿಯದೇ. ತಂತ್ರಾಂಶಕ್ಕೆ ಹೊಸದಾಗಿ ಒಂದು ಪೈಸೆ ಇಲ್ಲ.

ಬಾಕಿ ಇರುವುದು

ಕಮಿಟಿಗೆ ಒಂದು ಕಚೇರಿಯಿಂದ ಬರುವ ಸುತ್ತೋಲೆ ಎಲ್ಲಾ ಸ್ಕ್ಯಾನ್ ಮಾಡಿದ ಪಿಡಿಎಫ್. ಒಳಗೆ ಅಕ್ಷರವೇ ಇಲ್ಲ, ಬರೀ ಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್ ಅನ್ನುವ ತಂತ್ರಾಂಶಕ್ಕೆ ಕನ್ನಡ ಹಾಕಿ ಓದಿಸಿ ನೋಡಿದೆ. ಅಚ್ಚು ಚೊಕ್ಕ ಇದ್ದ ಪುಟ ಪರವಾಗಿಲ್ಲ, ಸೀಲು ಬಿದ್ದ ಕಡೆ ಪಕಾರ ವಕಾರ ಎಲ್ಲಾ ಕಲಸುಮೇಲೋಗರ. ಸದ್ಯ ಅವನ್ನು ಅತ್ತೆ ಓದಿ ಹೇಳುತ್ತಾಳೆ. ನಾನು ಕಳಿಸುವ ಪಿಡಿಎಫ್ ಮಾತ್ರ ಈಗ ಲಿಬ್ರೆಆಫೀಸ್‌ನಲ್ಲಿ ಸ್ಕ್ರೀನ್ ರೀಡರ್‌ಗೆ ಒಗ್ಗುವ ಪಿಡಿಎಫ್ ಯುಎ ಅನ್ನುವ ಚೌಕಕ್ಕೆ ಟಿಕ್ ಹಾಕಿ ಮಾಡಿದ್ದು, ಹೆಡಿಂಗ್ ಸಮೇತ ಓದುತ್ತದೆ.

212ರಲ್ಲಿ 31 ಫೈಲು ಯುನಿಕೋಡ್ ಆಗಿವೆ. ಈಚಿನ ಮೂರು ವರ್ಷದವು. ಉಳಿದ 181 ಮಳೆಗಾಲದಲ್ಲಿ ಅಂಗಡಿಗೆ ಜನ ಕಡಿಮೆ ಇರುವಾಗ ದಿನಕ್ಕೆ ಎರಡರಂತೆ ಮಾಡೋಣ ಅಂದುಕೊಂಡಿದ್ದೆ. ನಿನ್ನೆ ಸಂಜೆ ಮಾವ ಫೋನ್ ಮಾಡಿದ್ದ. 2011ರ ಜೀರ್ಣೋದ್ಧಾರದ ಠರಾವು ಮೊದಲು ಬೇಕಂತೆ, ಕಮಿಟಿಯಲ್ಲಿ ಏನೋ ಮಾತು ಬಂದಿದೆಯಂತೆ. ಹುಡುಕಿ ತೆಗೆದೆ. ಅದು ವರ್ಡ್‌ನಲ್ಲೇ ಇಲ್ಲ, ಅಚ್ಚಿನ ಪುಟ ಕೂರಿಸುವ ಹಳೇ ಪೇಜ್‌ಮೇಕರ್‌ನಲ್ಲಿದೆ.